ಚಿತ್ರಕಲಾ ಕೊಠಡಿಯ ದೂಳು, ಬಣ್ಣದ ಪುಡಿ, ಎಣ್ಣೆಬಟ್ಟೆ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣೇಶನ ಹಬ್ಬಕ್ಕೆ ಮುಂಚೆ ಕೆಲವು ವಾರ ಮಕ್ಕಳಿಂದ ಜೇಡಿಮಣ್ಣಿನ ಕೆಲಸ ಮಾಡಿಸುತ್ತೇನೆ. ಕೊನೆಗೆ ಅವರೇ ಕೊಠಡಿ ಗುಡಿಸುತ್ತಾರೆ. ಒಬ್ಬ ಹುಡುಗಿಗೆ ಕೆಮ್ಮು ಬಿಡುತ್ತಿಲ್ಲ. ಎಲ್ಲರಿಗೂ ಮಾಸ್ಕ್ ತರಿಸಿದರೆ ಸಾಕೇ? ಏನಾದರೂ ಆದರೆ ಹೊಣೆ ನನ್ನದೋ, ಮುಖ್ಯ ಶಿಕ್ಷಕರದೋ?
– ಚಿತ್ರಕಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮಾಸ್ಕ್ ಆಮೇಲೆ, ಮೊದಲು ಪೊರಕೆ ಬಿಡಿಸಿ. ಹಸಿ ಮಣ್ಣಿನಿಂದ ಶ್ವಾಸಕೋಶಕ್ಕೆ ತೊಂದರೆಯಿಲ್ಲ. ನೆಲಕ್ಕೆ ಬಿದ್ದ ಚೂರು ಒಣಗಿ, ಕಾಲ್ತುಳಿತಕ್ಕೆ ಪುಡಿಯಾಗಿ, ಗುಡಿಸುವಾಗ ಮೇಲೇಳುವ ದೂಳಿನಲ್ಲಿ ಸಿಲಿಕಾ ಎಂಬ ಖನಿಜದ ಕಣ ಇರುತ್ತದೆ. ಕಣ್ಣಿಗೆ ಕಾಣುವ ದೂಳು ಬೇಗ ಕೂರುತ್ತದೆ. ಎದೆಯ ಆಳಕ್ಕೆ ಇಳಿಯುವ ನವಿರಾದ ಕಣ ಕಾಣುವುದೇ ಇಲ್ಲ, ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಮುಂದಿನ ಪಿರಿಯಡ್ಡಿಗೆ ಬರುವ ಮಕ್ಕಳೂ ಅದನ್ನೇ ಉಸಿರಾಡುತ್ತಾರೆ.

ಕೆಲವೇ ವಾರಗಳಲ್ಲಿ ಇಂಥ ಕೊಠಡಿಯಿಂದ ಸಿಲಿಕೋಸಿಸ್ (ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಬರುವುದಿಲ್ಲ. ಆದರೆ ಅಸ್ತಮಾ ಇರುವ ಮಗುವಿಗೆ ಒಂದೇ ದಿನದ ದೂಳು ಸಾಕು. ಆ ಹುಡುಗಿಯನ್ನು ತಡಮಾಡದೆ ವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿ. ಮಣ್ಣಿನ ಕೆಲಸದ ವಿಷಯವನ್ನೂ ವೈದ್ಯರಿಗೆ ತಿಳಿಸಲಿ. ಸಿಲಿಕೋಸಿಸ್ ಭಯ ಹೆಚ್ಚಿರುವುದು ವರ್ಷವರ್ಷವೂ ಅದೇ ಕೊಠಡಿಯಲ್ಲಿ ದುಡಿಯುವ ನಿಮಗೆ. ಅದನ್ನು ವಾಸಿಮಾಡುವ ಔಷಧ ಇಲ್ಲ.

ತರಗತಿಯ ಕೊನೆಯ 15 ನಿಮಿಷವನ್ನು ಶುಚಿಗೆಂದೇ ಎತ್ತಿಡಿ. ಮಣ್ಣು ಇನ್ನೂ ಹಸಿಯಿರುವಾಗಲೇ ಮೇಜಿನಿಂದ ಕೆರೆದು ಡಬ್ಬಿಗೆ ಹಾಕಿಸಿ. ಆಮೇಲೆ ಒದ್ದೆ ಸ್ಪಂಜಿನಿಂದ ಎರಡು ಸಲ ಒರೆಸಬೇಕು, ಎರಡನೇ ಸಲಕ್ಕೆ ಬೇರೆ ಬಕೆಟ್ಟಿನ ನೀರು. ಒಂದೇ ಬಕೆಟ್ ಇಟ್ಟರೆ ಮಣ್ಣುನೀರನ್ನೇ ಮೇಜಿಗೆ ಬಳಿದಂತಾಗುತ್ತದೆ, ಒಣಗಿದ ಮೇಲೆ ಬಿಳಿ ಪೊರೆ ಉಳಿಯುತ್ತದೆ. ಆ ಪೊರೆಯೇ ನಾಳೆಯ ದೂಳು. ನೆಲಕ್ಕೂ ಒದ್ದೆಬಟ್ಟೆಯೇ. ರಾಡಿ ನೀರನ್ನು ರಾತ್ರಿ ತಿಳಿಯಾಗಲು ಬಿಟ್ಟು, ಮೇಲಿನ ನೀರು ಮಾತ್ರ ಚೆಲ್ಲಿ. ಇಲ್ಲವಾದರೆ ಪೈಪು ಕಟ್ಟಿಕೊಳ್ಳುತ್ತದೆ. ಒಣಗಿದ ಮೂರ್ತಿಯನ್ನು ಉಪ್ಪುಕಾಗದದಿಂದ ಉಜ್ಜಿಸಲೇಬೇಡಿ, ಒದ್ದೆ ಸ್ಪಂಜು ಅದೇ ನುಣುಪು ಕೊಡುತ್ತದೆ. ಒಣ ಮಣ್ಣಿನ ಪುಡಿ ಕಲಸುವುದಿದ್ದರೆ ಮಕ್ಕಳಿಲ್ಲದಾಗ, ಬಯಲಿನಲ್ಲಿ, ಎನ್95 ಮಾಸ್ಕ್ ಹಾಕಿಕೊಂಡು ನೀವೇ ಮಾಡಿ: ಮೊದಲು ನೀರು, ಅದರ ಮೇಲೆ ಪುಡಿ. ಬಟ್ಟೆಯ ಮಾಸ್ಕ್ ಈ ಕಣಗಳನ್ನು ತಡೆಯುವುದಿಲ್ಲ, ಮಕ್ಕಳ ಮುಖಕ್ಕೆ ದೊಡ್ಡವರ ಎನ್95 ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಮಾಸ್ಕ್ ನಂಬಿ ಗುಡಿಸಲು ಬಿಡುವುದು ತಪ್ಪು.

ಇನ್ನು ಹೊಣೆ. ಶಾಲಾ ಸುರಕ್ಷತೆಯ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲಿ ಹೊರಡಿಸಿದ ಮಾರ್ಗಸೂಚಿ ಸರ್ಕಾರಿ ಶಾಲೆಯಲ್ಲಿ ಮುಖ್ಯಸ್ಥರು, ಶಿಕ್ಷಕರು, ಇಲಾಖೆ ಮೂವರನ್ನೂ ಹೊಣೆಗಾರರನ್ನಾಗಿಸುತ್ತದೆ. ತರಗತಿಯೊಳಗೆ ಏನು ಮಾಡಿಸುತ್ತೀರಿ ಎಂಬುದು ನಿಮ್ಮದು. ನೀರು, ಕಿಟಕಿ, ಬಕೆಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಒದಗಿಸುವುದು ಮುಖ್ಯಸ್ಥರದು, ಇಲಾಖೆಯದು. ಬೇಕಾದ್ದನ್ನು ಬಾಯಲ್ಲಿ ಕೇಳಿ ಸುಮ್ಮನಾಗಬೇಡಿ. ದಿನಾಂಕ ಹಾಕಿ ಬರೆದುಕೊಟ್ಟು ಪ್ರತಿಗೆ ಸಹಿ ಪಡೆಯಿರಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಗೂ ಸೇರಿಸಿ. ಪೋಷಕರಿಂದ ಒಪ್ಪಿಗೆ ಪತ್ರ ಬರೆಸಿಕೊಂಡ ಮಾತ್ರಕ್ಕೆ ಯಾರ ಹೊಣೆಯೂ ಕಳೆಯುವುದಿಲ್ಲ.

ಪ್ರಶ್ನೆ: ಮನೆಯಲ್ಲೇ ಮೈಸೂರು ಶೈಲಿಯ ಚಿತ್ರ ಕಲಿಸುತ್ತೇನೆ. ಉಬ್ಬು ಕುಸುರಿಗೆ ಬಳಸುವ ಜೆಸ್ಸೋ ಲೇಪಕ್ಕೆ ಅಂಗಡಿಯಿಂದ ಬಿಡಿಯಾಗಿ ಸಫೇದಾ ಎಂಬ ಬಿಳಿ ಪುಡಿ ತರುತ್ತೇನೆ. ಹತ್ತು ವರ್ಷದ ಮಕ್ಕಳೂ ಬರುತ್ತಾರೆ.
– ಮೈಸೂರು

ಉತ್ತರ: ಆ ಪುಡಿಯನ್ನು ಇಂದೇ ಪಕ್ಕಕ್ಕಿಡಿ. ಸಫೇದಾ ಎಂಬ ಹೆಸರಿನಲ್ಲಿ ಸತುವಿನ ಬಿಳುಪೂ ಸಿಗುತ್ತದೆ, ಸೀಸದ ಬಿಳುಪೂ ಸಿಗುತ್ತದೆ. ಕಣ್ಣಳತೆಗೆ ಎರಡೂ ಒಂದೇ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ, ಏಟು ಬೀಳುವುದು ಮಿದುಳಿಗೆ. ಭಾರತದಲ್ಲಿ 2017ರ ನವೆಂಬರ್‌ನಿಂದ ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರುವಂತಿಲ್ಲ. ಆ ನಿಯಮ ಇದೆಯೆಂದು ಬಿಡಿ ಪುಡಿಯನ್ನು ನಂಬಬೇಡಿ. ಜಿಂಕ್ ಆಕ್ಸೈಡ್ ಎಂದು ಮುದ್ರಿತ ಚೀಟಿಯಿರುವ, ಮೊಹರು ಒಡೆಯದ ಪೊಟ್ಟಣವನ್ನೇ ಕೊಂಡು ಗೋಂದಿನಲ್ಲಿ ಕಲಸಿ. ಕುಸುರಿಯ ಹೆಚ್ಚುಕಡಿಮೆಯನ್ನು ಹಸಿಯಿರುವಾಗಲೇ ತಿದ್ದಿ, ಒಣಗಿದ ಮೇಲೆ ಉಜ್ಜಬೇಡಿ.

ಹಳೆಯ ಪದ್ಧತಿಯ ಹಳದಿ ಬಣ್ಣವಾದ ಹರಿತಾಳದಲ್ಲಿ ಆರ್ಸೆನಿಕ್, ಕೆಂಪು ಬಣ್ಣವಾದ ಇಂಗಳೀಕದಲ್ಲಿ ಪಾದರಸ ಇದೆ. ಮಕ್ಕಳಿರುವ ಕಡೆ ಇವೆರಡೂ ಬೇಡವೇ ಬೇಡ. ಕುಂಚದ ತುದಿ ಚೂಪಾಗಲೆಂದು ತುಟಿಗೆ ಒತ್ತುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಿ. ಹಳದಿ ಬಣ್ಣದ ಮರದ ಅಂಟಾದ ರೇವಲಚಿನ್ನಿ ಹಾಲು ಕೂಡ ಜೋರು ಭೇದಿ ಮಾಡಿಸುವ ವಸ್ತು. ಇಷ್ಟು ದಿನ ಬಳಸಿದ ಪುಡಿಯ ಬಗ್ಗೆ ಅನುಮಾನವಿದ್ದರೆ ಪೋಷಕರಿಗೆ ಮುಚ್ಚಿಡದೆ ಹೇಳಿ. ರಕ್ತದಲ್ಲಿ ಸೀಸದ ಪ್ರಮಾಣ ಅಳೆಯುವ ಪರೀಕ್ಷೆ ಇದೆ, ಮಕ್ಕಳ ವೈದ್ಯರು ಬರೆದುಕೊಡುತ್ತಾರೆ.

ಪ್ರಶ್ನೆ: ತೈಲವರ್ಣದ ಕೊಠಡಿಯಲ್ಲಿ ಫ್ಯಾನ್ ಹಾಕಿದರೂ ತಲೆ ಸುತ್ತುತ್ತದೆ.
– ಕಲಾ ವಿದ್ಯಾರ್ಥಿ, ಕಲಬುರಗಿ

ಉತ್ತರ: ತೈಲವರ್ಣ ತೆಳುವಾಗಿಸಲು ಬಳಸುವ ಟರ್ಪೆಂಟೈನ್‌ನ ಆವಿ ಗಾಳಿಗಿಂತ ಭಾರ. ಸೀಲಿಂಗ್ ಫ್ಯಾನ್ ಅದನ್ನು ಹೊರಹಾಕುವುದಿಲ್ಲ, ಸುತ್ತಿಸುತ್ತದೆ ಅಷ್ಟೆ. ಎದುರುಬದುರು ಕಿಟಕಿ ತೆರೆದು, ಬಾಯಗಲದ ಪಾತ್ರೆ ಬಿಟ್ಟು ಮುಚ್ಚಳವಿರುವ ಸಣ್ಣ ಶೀಶೆಯಲ್ಲಿ 50 ಮಿಲಿಲೀಟರಿನಷ್ಟೇ ಇಟ್ಟುಕೊಳ್ಳಿ. ತಲೆ ಸುತ್ತಿದರೆ ತಕ್ಷಣ ಹೊರಗೆ ಬನ್ನಿ. ಸುಮಾರು 35 ಡಿಗ್ರಿಯಲ್ಲೇ ಅದರ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ನಿಮ್ಮೂರಿನ ಏಪ್ರಿಲ್ ಬಿಸಿಲು 40 ದಾಟುತ್ತದೆ. ಕೊಠಡಿಯಲ್ಲಿ ಒಲೆ, ಊದುಬತ್ತಿ, ಬೀಡಿ ಯಾವುದೂ ಇರಬಾರದು.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಸಿಕ್ಕಿಕೊಂಡು ಕಿಡಿಯಿಲ್ಲದೆಯೇ ಬೆಂಕಿ ಹತ್ತಬಹುದು. ದಿನದ ಕೆಲಸ ಮುಗಿದೊಡನೆ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಿ, ಡಬ್ಬಿಯನ್ನು ಕೊಠಡಿಯ ಹೊರಗೆ ಇಡಿ.