ಹಾರಂಗಿ ಹಿನ್ನೀರಿನಲ್ಲಿ ಬನಾನಾ ಬೋಟ್ ಎಳೆಯಲು 40 ಎಚ್‌ಪಿ ಮೋಟಾರ್ ಸಾಕಾ? ಯಾವ ಪ್ರೊಪೆಲ್ಲರ್ ಹಾಕಬೇಕು?

ನಿಮ್ಮದು 16 ಅಡಿಯ ಫೈಬರ್ ಬೋಟ್. ಟ್ಯೂಬ್ ಎಳೆಯಬೇಕು, ನಾಲ್ಕು ಜನ ಕೂರುವ ಬನಾನಾನೂ (ಬಾಳೆಹಣ್ಣಿನ ಆಕಾರದ, ಗಾಳಿ ತುಂಬಿದ ಉದ್ದನೆಯ ಬೋಟ್) ಎಳೆಯಬೇಕು. 40 ಎಚ್‌ಪಿ ತಗೊಳ್ಳಲಾ, 60 ತಗೊಳ್ಳಲಾ ಅಂತ ಕೇಳಿದ್ದೀರಿ. ಬೋಟ್ ಮಾಡಿದವರು ಅದರ ಪ್ಲೇಟಿನ ಮೇಲೆ 60ರವರೆಗೆ ಅಂತ ಬರೆದಿದ್ದರೆ 60 ತಗೊಳ್ಳಿ. ಪ್ರೊಪೆಲ್ಲರ್ ವಿಷಯವನ್ನು ನೀವು ಕೊನೆಯ ಸಾಲಿನಲ್ಲಿ ಕೇಳಿದ್ದೀರಿ. ನಾನು ಅದನ್ನೇ ಮೊದಲು ಹೇಳುತ್ತೇನೆ.

ನಾನು ಕುಶಾಲನಗರದ ಕಡೆ ಬೋಟ್ ಓಡಿಸಿಕೊಂಡು, ಮೋಟಾರ್ ರಿಪೇರಿ ಮಾಡಿಕೊಂಡು ಇರುವವನು. ನನ್ನ ಮೊದಲ 40 ಎಚ್‌ಪಿ ಮೋಟಾರನ್ನು ಕರಾವಳಿಯಿಂದ ತಂದಿದ್ದೆ. ಅಲ್ಲಿ ನೀರಿಗಿಳಿಸಿ ನೋಡಿದಾಗ ಚೆನ್ನಾಗಿಯೇ ಓಡಿತ್ತು. ಅದರಲ್ಲಿ 12 ಪಿಚ್ ಪ್ರೊಪೆಲ್ಲರ್ ಇತ್ತು (ಪಿಚ್ ಅಂದರೇನು ಅಂತ ಕೆಳಗೆ ಹೇಳಿದ್ದೇನೆ). ಇಲ್ಲಿ ಬನಾನಾ ಕಟ್ಟಿ, ನಾಲ್ಕು ಜನರನ್ನು ಕೂರಿಸಿ ಫುಲ್ ಥ್ರಾಟಲ್ ಕೊಟ್ಟೆ. ಬೋಟಿನ ಮೂತಿ ಮೇಲೆದ್ದು ಹಾಗೇ ನಿಂತುಬಿಟ್ಟಿತು. ಕೆಳಗೆ ಇಳಿಯಲೇ ಇಲ್ಲ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 4400 ದಾಟಲಿಲ್ಲ. ಆ ಎಂಜಿನ್ ಫುಲ್ ಥ್ರಾಟಲ್‌ನಲ್ಲಿ 5000ದಿಂದ 6000ದ ಒಳಗೆ ತಿರುಗಬೇಕು ಅಂತ ಅದರ ಪುಸ್ತಕದಲ್ಲೇ ಇತ್ತು. ಕಾಫಿ ಮೂಟೆ ತುಂಬಿದ ಜೀಪನ್ನು ಟಾಪ್ ಗೇರಿನಲ್ಲೇ ಸಂಪಾಜೆ ಘಾಟಿ ಹತ್ತಿಸಿದ ಹಾಗೆ ಆಗಿತ್ತು ಅದರ ಪಾಡು. ಹೀಗೆ ದಿನಾ ಎಳೆಸಿದರೆ ಎಂಜಿನ್ ಬಿಸಿಯಾಗುತ್ತದೆ, ಪಿಸ್ಟನ್ನು ಬೇರಿಂಗು ಬೇಗ ಸವೆಯುತ್ತವೆ, ಪೆಟ್ರೋಲೂ ಕುಡಿಯುತ್ತದೆ.

ಪಿಚ್ ಅಂದರೆ ಪ್ರೊಪೆಲ್ಲರ್ ಒಂದು ಸುತ್ತು ತಿರುಗಿದಾಗ, ಜಾರದೇ ಇದ್ದರೆ, ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವ ಲೆಕ್ಕ. ಪಿಚ್ ಜಾಸ್ತಿ ಇದ್ದರೆ ಅದು ಟಾಪ್ ಗೇರ್, ಕಡಿಮೆ ಇದ್ದರೆ ಲೋ ಗೇರ್. ಒಂದು ಇಂಚು ಪಿಚ್ ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ನಾನು 12 ತೆಗೆದು 10 ಹಾಕಿದೆ. ಖಾಲಿ ಬೋಟಿನಲ್ಲಿ 5400 ಇದ್ದದ್ದು 5800 ಆಯಿತು. ಬನಾನಾ ಕಟ್ಟಿದಾಗ ಈ ಸಲ ಬೋಟ್ ನೀರಿನ ಮೇಲೆ ಎದ್ದು ಓಡಿತು, 5200ರ ಹತ್ತಿರ ನಿಂತಿತು. ಮೋಟಾರ್ ಅದೇ, ಬೋಟ್ ಅದೇ!

ನಮ್ಮ ಊರಿನ ಎತ್ತರವನ್ನೂ ಲೆಕ್ಕಕ್ಕೆ ತಗೊಳ್ಳಿ. ಹಾರಂಗಿಯ ಪೂರ್ಣ ಮಟ್ಟ 2859 ಅಡಿ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಸಾವಿರ ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಕಡಿಮೆಯಾಗುತ್ತದೆ. ಅಂದರೆ ಇಲ್ಲಿ ನಿಮ್ಮ 40 ಎಚ್‌ಪಿ ಹೆಚ್ಚುಕಡಿಮೆ 37ರ ಕೆಲಸವನ್ನೇ ಮಾಡುತ್ತದೆ. ಸಮುದ್ರದ ಮಟ್ಟದಲ್ಲಿ ಸರಿ ಹೊಂದಿದ ಪ್ರೊಪೆಲ್ಲರ್ ಇಲ್ಲಿ ಭಾರವಾಗುವುದು ಇದಕ್ಕೇ. ಅಂಗಡಿಯವರು 'ಇದೇ ಸ್ಟ್ಯಾಂಡರ್ಡ್' ಅಂದರೂ ಒಂದು ಇಂಚು ಕಡಿಮೆಯದನ್ನು ಕೇಳಿ.

ಬನಾನಾ ಎಳೆಯಲು ಗಂಟೆಗೆ 25–30 ಕಿಲೋಮೀಟರ್ ಸಾಕು. ಮಕ್ಕಳ ಟ್ಯೂಬಿಗೆ 20ರ ಆಸುಪಾಸು. ಗೇರ್ ಅನುಪಾತ 2ಕ್ಕೆ 1 ಇದ್ದರೆ (ಎಂಜಿನ್ ಎರಡು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು), 10 ಪಿಚ್, 5200 ಆರ್‌ಪಿಎಂಗೆ ಲೆಕ್ಕದ ವೇಗ ಸುಮಾರು 40 ಕಿಲೋಮೀಟರ್. ಭಾರ ಎಳೆಯುವಾಗ ಪ್ರೊಪೆಲ್ಲರ್ ಕಾಲು ಭಾಗದಷ್ಟು ಜಾರಿದರೂ 30 ಸಿಗುತ್ತದೆ. ಸುಮ್ನೆ ದೊಡ್ಡ ಪಿಚ್ ಹಾಕಿ ಏನು ಮಾಡೋದು ಹೇಳಿ?

60 ತಗೊಳ್ಳುವುದಾದರೆ ಹೈ ಥ್ರಸ್ಟ್ ಅಥವಾ ಕಮಾಂಡ್ ಥ್ರಸ್ಟ್ ಅಂತ ಬರುವ ಮಾದರಿ ನೋಡಿ. ಮರ್ಕ್ಯುರಿಯ 60 ಎಚ್‌ಪಿ ಮೋಟಾರಿನ ಸಾಮಾನ್ಯ ಗೇರ್ ಅನುಪಾತ 1.83, ಕಮಾಂಡ್ ಥ್ರಸ್ಟ್‌ನದು 2.33. ಪ್ರೊಪೆಲ್ಲರ್ ನಿಧಾನವಾಗಿ, ಜಾಸ್ತಿ ಬಲದಿಂದ ತಿರುಗುತ್ತದೆ. ದೊಡ್ಡ ಡಯಾಮೀಟರ್ ಕೂರುತ್ತದೆ. ಎಳೆಯುವ ಕೆಲಸಕ್ಕೆ ಹೇಳಿ ಮಾಡಿಸಿದ್ದು ಅದು. ಆದರೆ ಅದರ ಪಿಚ್ ಲೆಕ್ಕವೇ ಬೇರೆ, ನಾನು ಹೇಳಿದ 10 ಅಲ್ಲಿಗೆ ಬರುವುದಿಲ್ಲ. 40ನ್ನೇ ತಗೊಂಡರೆ ಇಬ್ಬರ ಟ್ಯೂಬ್ ಆರಾಮಾಗಿ ಎಳೆಯುತ್ತೀರಿ. ನಾಲ್ಕು ಜನ ದೊಡ್ಡವರ ಬನಾನಾ ಅದರ ಕೊನೆಯ ಮಿತಿ.

ನಾಲ್ಕು ಬ್ಲೇಡಿನ ಪ್ರೊಪೆಲ್ಲರ್ ಹಾಕಿದರೆ ಅದು ತಿರುವಿನಲ್ಲಿ ನೀರನ್ನು ಬಿಡದೆ ಹಿಡಿಯುತ್ತದೆ, ಬೇಗ ಎದ್ದೇಳಿಸುತ್ತದೆ. ಟಾಪ್ ಸ್ಪೀಡ್ ಸ್ವಲ್ಪ ಹೋಗುತ್ತದೆ, ನಿಮಗೆ ಅದು ಬೇಕಾಗಿಲ್ಲ. ಸ್ಟೀಲ್ ಬೇಡ, ಅಲ್ಯೂಮಿನಿಯಂ ಹಾಕಿ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆ, ಮರದ ಬೊಡ್ಡೆ ಎಲ್ಲಿ ತಾಗುತ್ತದೋ ಗೊತ್ತಾಗುವುದಿಲ್ಲ. ಅಲ್ಯೂಮಿನಿಯಂ ಆದರೆ ಬ್ಲೇಡ್ ಬಾಗುತ್ತದೆ, ಗೇರ್ ಉಳಿಯುತ್ತದೆ. ಒಂದು ಸ್ಪೇರ್ ಪ್ರೊಪೆಲ್ಲರ್, ನಟ್, ಕಾಟರ್ ಪಿನ್ ಯಾವಾಗಲೂ ಬೋಟಿನಲ್ಲೇ ಇರಲಿ. ಮೋಟಾರ್ ಶಾಫ್ಟ್ ಉದ್ದವನ್ನೂ ಅಳೆದು ತಗೊಳ್ಳಿ. ಹಿಂಬದಿಯ ಹಲಗೆ 15 ಇಂಚು ಇದ್ದರೆ ಶಾರ್ಟ್, 20 ಇದ್ದರೆ ಲಾಂಗ್.

ಹಗ್ಗವನ್ನು ದಯವಿಟ್ಟು ಮೋಟಾರಿಗೆ ಕಟ್ಟಬೇಡಿ. ಹಿಂಬದಿಯ ಎರಡು ಕೊಕ್ಕೆಗಳಿಗೆ ವೈ ಆಕಾರದಲ್ಲಿ ಕಟ್ಟಿ, ಎಳೆತ ನಡುವಿಗೆ ಬರಲಿ. ನಾಲ್ಕು ಜನರ ಎಳೆತಕ್ಕೆ 4100 ಪೌಂಡ್, ಅಂದರೆ ಸುಮಾರು 1860 ಕೆ.ಜಿ. ತಡೆಯುವ ಹಗ್ಗ ಬೇಕು. ಓಡಿಸುವವನ ಜೊತೆ ಹಿಂದೆ ನೋಡಲು ಇನ್ನೊಬ್ಬ ಇರಲೇಬೇಕು. ಬಿದ್ದವರನ್ನು ಹತ್ತಿಸಿಕೊಳ್ಳುವಾಗ ನ್ಯೂಟ್ರಲ್ ಸಾಲದು, ಎಂಜಿನ್ ಆಫ್ ಮಾಡಿ. ಕಿಲ್ ಸ್ವಿಚ್‌ನ (ದಾರ ಕಿತ್ತರೆ ಎಂಜಿನ್ ನಿಲ್ಲಿಸುವ ಸ್ವಿಚ್) ದಾರ ಓಡಿಸುವವನ ಮೈಗೆ ಸಿಕ್ಕಿಸಿಯೇ ಇರಲಿ. ಸಣ್ಣ ಮಕ್ಕಳನ್ನು ಕೂರಿಸುವ ಆಟ ಇದು. ಈ ಮಾತಿನಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಇನ್ನೊಂದು, ಅಣೆಕಟ್ಟು ಕಾವೇರಿ ನೀರಾವರಿ ನಿಗಮದ್ದು. ಮೋಟಾರಿಗೆ ದುಡ್ಡು ಕಟ್ಟುವ ಮೊದಲು ಅವರ ಅನುಮತಿ ಮತ್ತು ಬೋಟಿನ ನೋಂದಣಿ ವಿಚಾರಿಸಿ.

ಮೋಟಾರ್ ಬಂದ ಮೇಲೆ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಹಾಕಿಸಿ. ಖಾಲಿ ಬೋಟಿನಲ್ಲಿ ಒಂದು ಸಲ, ಬನಾನಾ ಕಟ್ಟಿ ಇನ್ನೊಂದು ಸಲ ಫುಲ್ ಥ್ರಾಟಲ್ ಆರ್‌ಪಿಎಂ ಬರೆದುಕೊಳ್ಳಿ. ಪ್ರೊಪೆಲ್ಲರ್ ಮೇಲೆ ಕೆತ್ತಿರುವ ಡಯಾಮೀಟರ್, ಪಿಚ್ ಜೊತೆ ಆ ಎರಡು ಅಂಕಿಗಳನ್ನು ಇಲ್ಲೇ ಕೆಳಗೆ ಹಾಕಿ. ಎಷ್ಟು ಇಳಿಸಬೇಕು ಅಂತ ನೋಡಿ ಹೇಳುತ್ತೇನೆ.