ಅಧ್ಯಕ್ಷೆ ಬಂದರು, ನಿಯಮಾವಳಿ ಬದಲಾಯಿತೆ?

ಓದುಗರೊಬ್ಬರ ಪತ್ರದ ಸಾರ: ‘ಕರ್ಸ್ಟಿ ಕೊವೆಂಟ್ರಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷೆಯಾಗಿದ್ದಾರೆ. ಇನ್ನೂ ಮಹಿಳಾ ಮೀಸಲು ಸ್ಥಾನಗಳ ಪರ ಬರೆಯುತ್ತಲೇ ಇದ್ದೀರಿ. ಅರ್ಹತೆ ಇದ್ದವರು ತಾವಾಗಿಯೇ ಮೇಲೆ ಬರುವುದಿಲ್ಲವೆ?’

ಸಂಪಾದಕರ ಉತ್ತರ:

ಲೆಕ್ಕ ತುಂಬಿಸಲು ಯಾರನ್ನೋ ಕೂರಿಸಿದರೆ ಕ್ರೀಡೆಗೆ ಲಾಭವಿಲ್ಲ ಎಂದಿದ್ದೀರಿ, ಒಪ್ಪಿದೆ. ಆದರೆ ನಿಮ್ಮಂಥ ಬಲ್ಲ ಓದುಗರು ‘ತಾವಾಗಿಯೇ’ ಎಂದು ಬರೆದದ್ದು ಬೇಸರ ತಂದಿತು. 2025ರ ಮಾರ್ಚ್‌ನಲ್ಲಿ ಏಳು ಅಭ್ಯರ್ಥಿಗಳ ನಡುವೆ ಕೊವೆಂಟ್ರಿ ಮೊದಲ ಸುತ್ತಿನಲ್ಲೇ 97ರಲ್ಲಿ 49 ಮತ ಪಡೆದು ಗೆದ್ದರು, ನಿಜ. ಉಳಿದ ಆರೂ ಮಂದಿ ಗಂಡಸರು. 1894ರಲ್ಲಿ ಹುಟ್ಟಿದ ಈ ಸಮಿತಿಗೆ ಮೊದಲ ಮಹಿಳಾ ಸದಸ್ಯರು ಬಂದದ್ದು 1981ರಲ್ಲಿ: ವೆನೆಜುವೆಲಾದ ಫ್ಲೋರ್ ಇಸಾವಾ ಫೊನ್ಸೆಕಾ, ಫಿನ್ಲೆಂಡ್‌ನ ಪಿರ್ಯೊ ಹ್ಯಾಗ್‌ಮನ್. ಅನಿಟಾ ಡಿಫ್ರಾಂಟ್ಜ್ ಮೊದಲ ಉಪಾಧ್ಯಕ್ಷೆಯಾದದ್ದು 1997ರಲ್ಲಿ. ಎಂಬತ್ತೇಳು ವರ್ಷ ಅರ್ಹ ಹೆಣ್ಣೊಬ್ಬಳೂ ಇರಲಿಲ್ಲ ಎಂದು ನೀವೂ ಹೇಳಲಾರಿರಿ.

ತಡೆ ಇರುವುದು ನಾಮಪತ್ರದ ದಾರಿಯಲ್ಲಿ. ಒಂದು ಕ್ರೀಡೆಯನ್ನು ಜಗತ್ತಿನಾದ್ಯಂತ ನಡೆಸುವ ಅಂತರರಾಷ್ಟ್ರೀಯ ಫೆಡರೇಶನ್‌ನ ಮಂಡಳಿಗೆ ಸ್ಪರ್ಧಿಸಲು ಸಾಮಾನ್ಯವಾಗಿ ಸ್ವಂತ ದೇಶದ ಸಂಘವೇ ಹೆಸರು ಸೂಚಿಸಬೇಕು. ಆ ಸಂಘದ ಪದಾಧಿಕಾರಿಗಳು ಹೆಚ್ಚಾಗಿ ಗಂಡಸರು, ಫೆಡರೇಶನ್‌ನ ಮಹಾಸಭೆಗೆ ಮತ ಹಾಕಲು ಹೋಗುವವರೂ ಅವರೇ. ಹುದ್ದೆಗೆ ಅವಧಿಯ ಮಿತಿ ಇಲ್ಲದ ಕಡೆ ಕುರ್ಚಿಯೇ ಖಾಲಿಯಾಗುವುದಿಲ್ಲ. ಅನೇಕ ಕಡೆ ಸಂಬಳವಿಲ್ಲದ ಗೌರವ ಹುದ್ದೆ, ವರ್ಷವಿಡೀ ಪ್ರವಾಸ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಯಾರು ಹಿಂದೆ ಸರಿಯುತ್ತಾರೆಂದು ಬಿಡಿಸಿ ಹೇಳಬೇಕೆ?

ಹಾಗಾಗಿ ನಿಯಮವನ್ನು ಹೇಗೆ ಬರೆದಿದ್ದಾರೆ ಎಂಬುದೇ ಮುಖ್ಯ. ಬರೀ ‘ಗುರಿ’ ಎಂದು ಬರೆದರೆ ಏನಾಗುತ್ತದೆಂದು ಆಗಲೇ ಕಂಡಿದ್ದೇವೆ. ನಿರ್ಣಾಯಕ ಹುದ್ದೆಗಳಲ್ಲಿ 2000ದ ಹೊತ್ತಿಗೆ ಶೇ 10, 2005ರ ಹೊತ್ತಿಗೆ ಶೇ 20 ಮಹಿಳೆಯರಿರಲಿ ಎಂದು ಒಲಿಂಪಿಕ್ ಸಮಿತಿ ರಾಷ್ಟ್ರೀಯ ಸಮಿತಿಗಳಿಗೂ ಫೆಡರೇಶನ್‌ಗಳಿಗೂ ಹೇಳಿತ್ತು. ತಪ್ಪಿದವರಿಗೆ ದಂಡವಿರಲಿಲ್ಲ, ಅನೇಕರು ತಪ್ಪಿದರು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ 2016ರ ಸುಧಾರಣೆಯಲ್ಲಿ 37 ಜನರ ಕೌನ್ಸಿಲ್‌ಗೆ ಪ್ರತಿ ಖಂಡದ ಒಕ್ಕೂಟದಿಂದ ಕನಿಷ್ಠ ಒಬ್ಬ ಮಹಿಳೆ ಎಂದಿತು. ಒಟ್ಟು ಆರು. ಇಲ್ಲೇ ಎಡವಟ್ಟು: ‘ಮಹಿಳಾ ಸ್ಥಾನ’ ಎಂದು ಒಂದನ್ನು ಬೇರೆ ಇಟ್ಟರೆ, ಉಳಿದವೆಲ್ಲ ಗಂಡಸರವು ಎಂದೇ ಮತದಾರರು ಎಣಿಸುತ್ತಾರೆ. ಆ ಒಂದಕ್ಕೂ ಆರಿಸುವವರು ಹಳಬರೇ. ಆ ಸುಧಾರಣೆಗಾಗಿಯೇ ದುಡಿದ ಆಸ್ಟ್ರೇಲಿಯಾದ (ಫುಟ್‌ಬಾಲ್‌ನಲ್ಲಿ ಅದು ಏಷ್ಯಾ ಒಕ್ಕೂಟಕ್ಕೆ ಸೇರಿದೆ) ಮೋಯಾ ಡಾಡ್ 2017ರಲ್ಲಿ ಏಷ್ಯಾದ ಮಹಿಳಾ ಸ್ಥಾನದ ಚುನಾವಣೆಯಲ್ಲೇ ಸೋತರು.

ವರ್ಲ್ಡ್ ಅಥ್ಲೆಟಿಕ್ಸ್‌ನ ದಾರಿ ಬೇರೆ. 2016ರಲ್ಲಿ ಸಂವಿಧಾನವನ್ನೇ ತಿದ್ದಿ, ಇಡೀ ಕೌನ್ಸಿಲ್‌ನಲ್ಲಿ ಪ್ರತಿ ಲಿಂಗದವರು ಕನಿಷ್ಠ ಎಷ್ಟಿರಬೇಕೆಂದು ಚುನಾವಣೆಯಿಂದ ಚುನಾವಣೆಗೆ ಏರಿಸುತ್ತ ಹೋಗಲು ನಿರ್ಧರಿಸಿತು. 2019ರಲ್ಲಿ ಕೊಲಂಬಿಯಾ ಮೂಲದ ಓಟಗಾರ್ತಿ ಷಿಮೇನಾ ರೆಸ್ಟ್ರೆಪೊ ಮೊದಲ ಉಪಾಧ್ಯಕ್ಷೆಯಾದರು. 2027ಕ್ಕೆ ಇಟ್ಟುಕೊಂಡಿದ್ದ ಸಮಪಾಲು 2023ರಲ್ಲೇ ಕೈಗೂಡಿತು: 13 ಮಹಿಳೆಯರು, 13 ಪುರುಷರು. ಕನಿಷ್ಠ ಸಂಖ್ಯೆ ಕಟ್ಟಳೆಯಾದಾಗ ದೇಶಗಳ ಸಂಘಗಳು ಹೆಣ್ಣುಮಕ್ಕಳನ್ನು ಹುಡುಕಿ ಹೆಸರು ಕಳಿಸತೊಡಗುತ್ತವೆ. ನೀವು ಕೇಳುವ ಅರ್ಹತೆ ಆಗ ಕಣ್ಣಿಗೆ ಬೀಳುತ್ತದೆ.

ಇನ್ನು ಒಳಗೆ ಬಂದವರಿಗೆ ಯಾವ ಕೆಲಸ ಕೊಡುತ್ತಾರೆ ನೋಡಿ. ಮಹಿಳಾ ಆಯೋಗ ಕೈಗೆ ಕೊಟ್ಟು, ಹಣಕಾಸು ಮತ್ತು ಪ್ರಸಾರ ಹಕ್ಕಿನ ಸಮಿತಿಯಿಂದ ದೂರವಿಟ್ಟರೆ ಆ ಮತಕ್ಕೆ ಬೆಲೆ ಎಲ್ಲಿ? ಬಾಯಿ ತೆರೆದರೂ ತಪ್ಪೇ. ಟೋಕಿಯೊ ಒಲಿಂಪಿಕ್ಸ್ ಸಂಘಟನಾ ಸಮಿತಿಯ ಅಧ್ಯಕ್ಷ ಯೋಶಿರೊ ಮೋರಿ, ಹೆಂಗಸರು ಹೆಚ್ಚಿದ್ದರೆ ಸಭೆ ಉದ್ದವಾಗುತ್ತದೆ ಎಂದು 2021ರಲ್ಲಿ ಅಂದು, ರಾಜೀನಾಮೆ ಕೊಡಬೇಕಾಯಿತು. ಅದೇ ಟೋಕಿಯೊದಲ್ಲಿ ಕೋಚ್‌ಗಳ ಪೈಕಿ ಮಹಿಳೆಯರು ಸುಮಾರು ಶೇ 13. ಪ್ಯಾರಿಸ್ 2024ರಲ್ಲಿ ಗಂಡು, ಹೆಣ್ಣು ಕ್ರೀಡಾಪಟುಗಳ ಕೋಟಾ ಸರಿಸಮವಾಯಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಟ ಮುಗಿಸಿದ ಆ ಅರ್ಧದಷ್ಟು ಹೆಣ್ಣುಮಕ್ಕಳು ಕೋಚ್, ರೆಫರಿ, ತಾಂತ್ರಿಕ ಅಧಿಕಾರಿಗಳಾಗಿ ಉಳಿಯಲು ಏನು ಮಾಡಿದ್ದೀರಿ ಎಂದು ಫೆಡರೇಶನ್‌ಗಳನ್ನು ಕೇಳುವವರು ಕಡಿಮೆ. ಮುಂದಿನ ಪತ್ರದಲ್ಲಿ ನೀವೇ ಕೇಳಿ, ಖಂಡಿತ ಪ್ರಕಟಿಸುತ್ತೇವೆ.