ಓದುಗರ ಪ್ರಶ್ನೆ: ಧ್ಯಾನದಿಂದ ಮಿದುಳು ಬೆಳೆಯುತ್ತದೆಯೇ?

ಪ್ರಶ್ನೆ: ಎಂಟು ವಾರ ಧ್ಯಾನ ಮಾಡಿದರೆ ಮಿದುಳು ಬೆಳೆಯುವುದು ಸಾಬೀತಾಗಿದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಅಶೋಕನ ಶಾಸನ ತೋರಿಸಲು ಕರೆದೊಯ್ಯುವ ಮಕ್ಕಳಿಗೆ ಇದನ್ನು ಹೇಳಬಹುದೇ? ಏನಾದರೂ ಪ್ರಯೋಗ ಮಾಡಿಸಬಹುದೇ?
— ವಿಜ್ಞಾನ ಶಿಕ್ಷಕಿ, ಮಸ್ಕಿ

ಉತ್ತರ: ಸಾಬೀತಾಗಿದೆ ಎನ್ನಬೇಡಿ, ಮೇಡಂ. 2011ರ ಅಧ್ಯಯನವೊಂದರಲ್ಲಿ 8 ವಾರ ತರಬೇತಿ ಪಡೆದ 16 ಜನರ ಮಿದುಳಿನ ಕೆಲವು ಭಾಗಗಳಲ್ಲಿ ಬೂದು ದ್ರವ್ಯ (ನರಕೋಶಗಳು ಒತ್ತಾಗಿರುವ ಭಾಗ) ಹೆಚ್ಚಿದಂತೆ ಕಂಡಿತ್ತು. 2022ರಲ್ಲಿ ಅಮೆರಿಕದ ನರವಿಜ್ಞಾನಿ ರಿಚರ್ಡ್ ಡೇವಿಡ್‌ಸನ್ ಅವರ ತಂಡ 200ಕ್ಕೂ ಹೆಚ್ಚು ಜನರನ್ನು ಗುಂಪು ಮಾಡಿ ಹೋಲಿಸಿದಾಗ ಅಂಥ ಬದಲಾವಣೆ ಸಿಗಲಿಲ್ಲ. ಡೇವಿಡ್‌ಸನ್ ದಲೈಲಾಮಾ ಜೊತೆ ದಶಕಗಳಿಂದ ಸಂವಾದದಲ್ಲಿರುವವರು. ಧ್ಯಾನದ ಪರ ಇದ್ದೂ ಈ ಫಲಿತಾಂಶವನ್ನು ಪ್ರಕಟಿಸಿದರು. ಮಕ್ಕಳಿಗೆ ಅಗತ್ಯವಾಗಿ ಹೇಳಬೇಕಾದ್ದು ಇದು.

ಪ್ರಯೋಗ ಖಂಡಿತ ಮಾಡಿಸಿ. ಉಸಿರು ಎಣಿಸುವಾಗ ಎಣಿಕೆಯನ್ನು 5ಕ್ಕಿಂತ ಮೊದಲು ನಿಲ್ಲಿಸಬಾರದು, 10 ಮೀರಬಾರದು ಎಂದು 5ನೇ ಶತಮಾನದ ಬೌದ್ಧ ವಿದ್ವಾಂಸ ಬುದ್ಧಘೋಷ ‘ವಿಶುದ್ಧಿಮಗ್ಗ’ ಎಂಬ ಪಾಲಿ ಗ್ರಂಥದಲ್ಲಿ ಹೇಳಿದ್ದಾನೆ. ಇಂಥ ಎಣಿಕೆಯನ್ನೇ ಇಂದಿನ ಮನೋವಿಜ್ಞಾನಿಗಳು ಗಮನ ಅಳೆಯುವ ಪರೀಕ್ಷೆಯಾಗಿ ಬಳಸುತ್ತಾರೆ. ಬೌದ್ಧರೂ ವಿಜ್ಞಾನಿಗಳೂ ನಿಜಕ್ಕೂ ಕೈಜೋಡಿಸಿರುವ ಜಾಗ ಇದು.

ಇಬ್ಬಿಬ್ಬರನ್ನು ಜೋಡಿ ಮಾಡಿ. ಒಬ್ಬರು ಕಣ್ಣು ಮುಚ್ಚಿ, ಉಸಿರು ಹೊರಬಿಟ್ಟಾಗಲೆಲ್ಲ ಮನಸ್ಸಿನಲ್ಲೇ ಎಣಿಸುತ್ತ 1ರಿಂದ 8ರವರೆಗೆ ಬಲಗೈಯಿಂದ, 9ಕ್ಕೆ ಎಡಗೈಯಿಂದ ತೊಡೆ ತಟ್ಟಲಿ. ಮತ್ತೆ 1ರಿಂದ ಶುರು. ಬೆಂಚು ತಟ್ಟುವುದು ಬೇಡ, ಪಕ್ಕದವರ ಸದ್ದಿಗೆ ಲೆಕ್ಕ ಕೆಡುತ್ತದೆ. ಜೊತೆಗಾರರು ಬಲಗೈಗೆ ಚುಕ್ಕಿ, ಎಡಗೈಗೆ ಗೆರೆ ಹಾಕಲಿ. ಗೆರೆಯ ಮೊದಲು 8 ಚುಕ್ಕಿ ಇಲ್ಲದಿದ್ದರೆ ಆ ಸುತ್ತು ತಪ್ಪು. 10 ನಿಮಿಷ ಸಾಕು. ಚೆನ್ನಾಗಿ ಮಾಡಬೇಕೆಂದು ಮಕ್ಕಳು ಉಸಿರನ್ನು ಜೋರಾಗಿ ಎಳೆಯತೊಡಗುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ. ಉಸಿರು ತಾನಾಗಿ ಬಂದಷ್ಟೇ ಇರಲಿ.

ಆಮೇಲೆ ಚೀಟಿ ಎತ್ತಿ ತರಗತಿಯನ್ನು ಎರಡು ಭಾಗ ಮಾಡಿ. ಎರಡು ವಾರ ಅರ್ಧ ಮಕ್ಕಳು ದಿನಾ 10 ನಿಮಿಷ ಉಸಿರು ಎಣಿಸಲಿ, ಉಳಿದವರು ಅಷ್ಟೇ ಹೊತ್ತು ಸುಮ್ಮನೆ ಕೂತು ಪುಸ್ತಕ ಓದಲಿ. ಕೊನೆಗೆ ಎಲ್ಲರಿಗೂ ಅದೇ ಪರೀಕ್ಷೆ. ಓದುವ ಗುಂಪು ಇಲ್ಲದಿದ್ದರೆ, ಪರೀಕ್ಷೆ ರೂಢಿಯಾಗಿ ಬಂದ ಸುಧಾರಣೆಯೂ ಧ್ಯಾನದ ಖಾತೆಗೆ ಹೋಗುತ್ತದೆ.

ಪ್ರಶ್ನೆ: ಬೌದ್ಧರ ಕ್ಷಣಿಕವಾದ, ಕ್ವಾಂಟಂ ಸಿದ್ಧಾಂತ ಎರಡೂ ಒಂದೇ ಅಲ್ಲವೇ?
— ಓದುಗರು, ಕೊಪ್ಪಳ

ಉತ್ತರ: ಅಲ್ಲ. ಎಲ್ಲವೂ ಕ್ಷಣಕ್ಷಣಕ್ಕೂ ಹುಟ್ಟಿ ಅಳಿಯುತ್ತದೆ ಎಂಬುದನ್ನು ಬೌದ್ಧ ಚಿಂತಕರು ತರ್ಕದಿಂದ ಕಟ್ಟಿದರು. ಅದರ ಗುರಿ ದುಃಖದ ಬೇರನ್ನು ಅರಿಯುವುದು. ಹೈಡ್ರೋಜನ್ 656 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಸೂಸುವುದನ್ನು ಪರಮಾಣುಗಳ ವರ್ತನೆ ವಿವರಿಸುವ ಕ್ವಾಂಟಂ ಸಿದ್ಧಾಂತ ಲೆಕ್ಕ ಹಾಕಿ ಹೇಳುತ್ತದೆ. ಕ್ಷಣಿಕವಾದದಿಂದ ಆ ಸಂಖ್ಯೆ ಹೊರಡದು, ಹೊರಡಬೇಕಾಗಿಯೂ ಇಲ್ಲ.